ಟಾರ್ಚ್ ಆರಿದ ಮೇಲೆ ಕಂಡದ್ದು

ಎಲ್ಲರಿಗೂ ನಮಸ್ಕಾರ. ಆಟಿ ತಿಂಗಳ ಮಳೆ ಅಂದ್ರೆ ನಮ್ಮ ಕಡೆ ಕರೆಂಟ್ ಇಲ್ಲ ಅಂತಲೇ ಲೆಕ್ಕ, ಅಲ್ವಾ? ಅಂಥ ಒಂದು ರಾತ್ರಿಯ ಕತೆಯಿಂದಲೇ ಶುರು ಮಾಡುತ್ತೇನೆ.

ಉಡುಪಿ ಜಿಲ್ಲೆಯ ಹೆಬ್ರಿ ಹತ್ತಿರ ನನ್ನ ಸೋದರಮಾವನ ಮನೆ. ಹಿಂದೆ ಅಡಿಕೆ ತೋಟ, ತೋಟ ದಾಟಿದರೆ ಹಾಡಿ, ಅಂದ್ರೆ ಸಣ್ಣ ಕಾಡು. ನಾನಾಗ ಹೈಸ್ಕೂಲು. ಕರು ಹಗ್ಗ ಬಿಚ್ಚಿಕೊಂಡು ಓಡಿತ್ತು, ಅದನ್ನು ಹುಡುಕುತ್ತಾ ಹಾಡಿಯ ಅಂಚಿಗೆ ಹೋದಾಗ ಟಾರ್ಚಿನ ಸೆಲ್ ಮುಗಿಯಿತು. ಬೈದುಕೊಂಡು ಅಲ್ಲೇ ನಿಂತೆ. ತುಂಬಾ ಹೊತ್ತಾದ ಮೇಲೆ ನೋಡಿದರೆ, ನೆಲದ ಮೇಲೆ ಬೆಳದಿಂಗಳು ಚೂರುಚೂರಾಗಿ ಬಿದ್ದಿದೆ! ಮೋಡ ಮುಚ್ಚಿದ ರಾತ್ರಿ, ಬೆಳದಿಂಗಳು ಎಲ್ಲಿಂದ ಬರಬೇಕು? ಕೊಳ್ಳಿದೆವ್ವವೇ ಸೈ ಅಂತ ಎದೆ ಧಸಕ್ಕೆಂದಿತು. ಹಿಂದೆ ಬಂದ ಮಾವ ಒಂದು ಕೊಳೆತ ಕಡ್ಡಿ ಎತ್ತಿ ನನ್ನ ಅಂಗೈಯಲ್ಲಿಟ್ಟರು. ಕಡ್ಡಿ ಹೊಳೆಯುತ್ತಿತ್ತು, ಆದರೆ ತಣ್ಣಗಿತ್ತು. "ದೆವ್ವ ಅಲ್ಲ ಮಾರಾಯ, ಅಣಬೆ ಹಿಡಿದ ಮರ" ಅಂದರು. ಕರು ತಾನಾಗಿಯೇ ಕೊಟ್ಟಿಗೆಗೆ ವಾಪಸ್ ಬಂದಿತ್ತು, ಅದು ಬೇರೆ ಮಾತು.

ಹೀಗೆ ಹೊಳೆಯುವ ಅಣಬೆಗಳು ಜಗತ್ತಿನಲ್ಲಿ ನೂರಕ್ಕೂ ಜಾಸ್ತಿ ಜಾತಿ ಇವೆ. ಕೆಲವದರಲ್ಲಿ ಕೊಡೆಯೇ ಹೊಳೆಯುತ್ತದೆ. ಇನ್ನು ಕೆಲವದರಲ್ಲಿ ಮರದೊಳಗೆ ಹಬ್ಬಿದ ಅಣಬೆಯ ಬಿಳಿ ನೂಲು ಮಾತ್ರ. ನಾನು ಹಿಡಿದದ್ದು ಆ ಎರಡನೇ ಥರದ್ದಿರಬೇಕು, ಕೊಡೆ ಒಂದೂ ಕಾಣಲಿಲ್ಲ. ಅಣಬೆಯೊಳಗೆ ಲೂಸಿಫೆರಿನ್ ಅನ್ನುವ ವಸ್ತು ತಯಾರಾಗುತ್ತದೆ, ಒಂದು ಕಿಣ್ವದ ನೆರವಿನಿಂದ ಅದು ಆಮ್ಲಜನಕದ ಜೊತೆ ಸೇರಿದಾಗ ಬೆಳಕು ಬರುತ್ತದೆ. 1660ರ ದಶಕದಲ್ಲೇ ರಾಬರ್ಟ್ ಬಾಯ್ಲ್ ಅನ್ನುವ ವಿಜ್ಞಾನಿ ಹೊಳೆಯುವ ಮರದ ತುಂಡನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿ ಎಳೆದು ತೆಗೆದಿದ್ದರು. ಬೆಳಕು ಆರಿತು. ಗಾಳಿ ಬಿಟ್ಟರೆ ಮತ್ತೆ ಬಂತು. ಆಮ್ಲಜನಕ ಅಂತ ಒಂದಿದೆ ಅನ್ನುವುದೇ ಆಗ ಗೊತ್ತಿರಲಿಲ್ಲ, ನೋಡಿ!

2020ರ ಕೊನೆಗೆ ನಮ್ಮ ಸಮುದ್ರದ ಅಲೆಗಳು ನೀಲಿಯಾಗಿ ಮಿನುಗಿದ್ದು ನೆನಪಿರಬಹುದು. ಅದು ನಾಕ್ಟಿಲೂಕ ಅನ್ನುವ ಸಣ್ಣ ಜೀವಿ, ನೀರು ಕಲಕಿದರೆ ಮಾತ್ರ ಮಿಂಚುತ್ತದೆ. ಅಣಬೆಗೆ ಆ ಗಡಿಬಿಡಿ ಇಲ್ಲ. ಸುಮ್ನೆ ಕೂತು ಗಂಟೆಗಟ್ಟಲೆ ಹಸಿರಾಗಿ ಹೊಳೆಯುತ್ತದೆ.

ಯಾಕೆ? ಬ್ರೆಜಿಲ್‌ನಲ್ಲಿ ವಿಜ್ಞಾನಿಗಳು ಅಂಟು ಸವರಿದ ಪ್ಲಾಸ್ಟಿಕ್ ಅಣಬೆಗಳನ್ನು ಕಾಡಿನಲ್ಲಿಟ್ಟು, ಕೆಲವಕ್ಕೆ ಹಸಿರು ಎಲ್‌ಇಡಿ ಹಾಕಿ ನೋಡಿದರು. ಬೆಳಕಿದ್ದವಕ್ಕೇ ಹುಳಗಳು ಜಾಸ್ತಿ ಅಂಟಿದವು. ಇದು 2015ರಲ್ಲಿ ಪ್ರಕಟವಾಯಿತು. ಹುಳಗಳು ಬೀಜಕಣ ಹೊತ್ತುಕೊಂಡು ಹೋಗಲಿ ಅಂತ ಈ ದೀಪ ಅನ್ನುವುದು ಅವರ ಊಹೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮರದೊಳಗಿನ ನೂಲು ಹೊಳೆದರೆ ಅದನ್ನು ಯಾವ ಹುಳ ನೋಡುತ್ತದೆ?

2024ರಲ್ಲಿ ಕಾಸರಗೋಡಿನ ರಾಣಿಪುರಂ ಕಾಡಿನಲ್ಲೂ ಹೊಳೆಯುವ ಅಣಬೆ ಸಿಕ್ಕಿತು, ಫಿಲೊಬೊಲೆಟಸ್ ಅನ್ನುವ ಜಾತಿಯದು. ಫೋಟೋದಲ್ಲಿ ಅದು ಎಷ್ಟು ಹಸಿರು! ಆದರೆ ಕ್ಯಾಮರಾ ಬಹಳ ಹೊತ್ತು ಕಣ್ಣು ತೆರೆದುಕೊಂಡೇ ಇದ್ದು ಬೆಳಕು ಕೂಡಿಸಿಕೊಳ್ಳುತ್ತದೆ. ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ, ಬೂದಿ ಬಿಳುಪಾಗಿಯೇ ಕಾಣುತ್ತದೆ. ಮೊಬೈಲ್ ಟಾರ್ಚ್ ಹಾಕಿಕೊಂಡು ಹುಡುಕುವವರಿಗೆ ಅದೂ ಇಲ್ಲ.

ಕಲ್ಲಣಬೆಯ ಆಸೆಯಲ್ಲಿ ಇದನ್ನೂ ಪಲ್ಯ ಮಾಡಲು ಹೊರಡಬೇಡಿ ಮಾರಾಯ್ರೆ. ಜಪಾನಿನಲ್ಲಿ ತ್ಸುಕಿಯೊತಾಕೆ ಅಂತ ಒಂದು ಹೊಳೆಯುವ ಅಣಬೆ ಇದೆ, ತಿನ್ನುವ ಅಣಬೆ ಅಂದುಕೊಂಡು ತಿಂದವರು ವಾಂತಿ ಮಾಡಿ ಸುಸ್ತಾಗಿದ್ದಾರೆ.

ಘಟ್ಟದ ಬುಡದಲ್ಲಿ ನೆಂಟರಿದ್ದರೆ ಈ ಮಳೆಗಾಲ ಒಂದು ರಾತ್ರಿ ಉಳಿದುಕೊಳ್ಳಿ. ಹಾಡಿಯ ಅಂಚಿನವರೆಗೆ ಟಾರ್ಚ್ ಬೇಕೇ ಬೇಕು, ಹಾವು ಓಡಾಡುವ ಕಾಲ. ಅಲ್ಲಿ ಆರಿಸಿ ಒಂದು 20 ನಿಮಿಷ ನಿಲ್ಲಿ. ಜೇಬಲ್ಲಿ ಉಪ್ಪಿನ ಪೊಟ್ಟಣ ಇರಲಿ, ಯಾಕಂದ್ರೆ ನಿಂತಲ್ಲೇ ನಿಂತವರನ್ನು ಉಂಬಳ ಅಣಬೆಗಿಂತ ಮೊದಲೇ ಹುಡುಕಿಕೊಂಡು ಬರುತ್ತದೆ. ನಮಸ್ಕಾರ.