ಶಾಲೆ ಕಂಡದ್ದನ್ನು ಹೇಳಲಿ, ಮಾತ್ರೆಯ ತೀರ್ಮಾನ ಮನೆಗೆ ಬಿಡಲಿ

ಎಲ್ಲರಿಗೂ ನಮಸ್ಕಾರ.

ಪೋಷಕರೂ ಶಿಕ್ಷಕರೂ ಒಟ್ಟಿಗೆ ಕೂತಿದ್ದೀರಿ, ಅದೂ ಅಂಕಪಟ್ಟಿ ಹಂಚದ ದಿನ! ಹಾಗಾಗಿ ಪೀಠಿಕೆ ಬಿಡುತ್ತೇನೆ. ನನ್ನ ಮಾತು ಮಕ್ಕಳ ಗಮನ, ವರ್ತನೆ, ಮನಸ್ಥಿತಿಗೆಂದು ಕೊಡುವ ಮಾತ್ರೆಗಳ ಬಗ್ಗೆ. "ಮಾತ್ರೆ ಶುರು ಮಾಡಿ, ಆಮೇಲೆ ಮಗುವನ್ನು ತರಗತಿಗೆ ಕಳಿಸಿ" ಎನ್ನುವ ಅಧಿಕಾರ ಯಾವ ಶಾಲೆಗೂ ಇರಕೂಡದು. ಶಾಲೆ ಕಂಡದ್ದನ್ನು ಹೇಳಲಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ವೈದ್ಯರ ಜೊತೆ ಕೂತು ತಂದೆತಾಯಿ ತೀರ್ಮಾನಿಸಲಿ.

ಶಿಕ್ಷಕರು ಬೇಸರ ಮಾಡಿಕೊಳ್ಳಬೇಡಿ, ಈ ಕಥೆ ಶುರುವಾದದ್ದೇ ನಿಮ್ಮವರ ಕಣ್ಣಿನಿಂದ. ಅಮೆರಿಕದ ರೋಡ್ ಐಲೆಂಡ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿದ್ದರು. ಆ ಕಾಲದಲ್ಲಿ ಮೆದುಳಿನ ಎಕ್ಸ್‌ರೇ ತೆಗೆಯಲು ಬೆನ್ನಿನಿಂದ ದ್ರವ ಹೊರತೆಗೆದು ಗಾಳಿ ತುಂಬುತ್ತಿದ್ದರು. ಆಮೇಲೆ ಮಕ್ಕಳಿಗೆ ವಿಪರೀತ ತಲೆನೋವು. ಅದಕ್ಕೆಂದು ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದರು. ತಲೆನೋವಿಗೆ ಅದು ಅಷ್ಟೇನೂ ಆಗಿಬರಲಿಲ್ಲ. ಆದರೆ ಕೆಲವು ಮಕ್ಕಳು ಪಾಠದಲ್ಲಿ ಮನಸ್ಸಿಟ್ಟು ಕೂರತೊಡಗಿದ್ದು ಶಿಕ್ಷಕರ ಗಮನಕ್ಕೆ ಬಂತು. ಮಕ್ಕಳಂತೂ ಅದಕ್ಕೆ ಲೆಕ್ಕದ ಮಾತ್ರೆ ಎಂದೇ ಹೆಸರಿಟ್ಟರು! 1937ರಲ್ಲಿ ಬ್ರಾಡ್ಲಿ ಪ್ರಕಟಿಸಿದ ವರದಿಯಲ್ಲಿ 30 ಮಕ್ಕಳಿದ್ದರು. ಓದಿನಲ್ಲಿ ಎದ್ದು ಕಾಣುವ ಬದಲಾವಣೆ ಬಂದದ್ದು ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಲ್ಲಿ. ಅರ್ಧ ಎಂಬುದನ್ನು ಗಮನಿಸಿ. ಯಾವ ಮಗುವಿಗೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂದು ಕರಿಹಲಗೆಯ ಮುಂದೆ ನಿಂತು ಹೇಳಲಾಗದು.

ನಾನು ಔಷಧದ ವಿರೋಧಿಯಲ್ಲ. 1999ರಲ್ಲಿ ಪ್ರಕಟವಾದ, 579 ಮಕ್ಕಳನ್ನು 14 ತಿಂಗಳು ಗಮನಿಸಿದ ಅಧ್ಯಯನದಲ್ಲಿ, ಎಡಿಎಚ್‌ಡಿಯ ಅಂದರೆ ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆಯ, ಮುಖ್ಯ ಲಕ್ಷಣಗಳಿಗೆ ಬರೀ ವರ್ತನಾ ಚಿಕಿತ್ಸೆಗಿಂತ ಔಷಧವೇ ಹೆಚ್ಚು ಫಲ ಕೊಟ್ಟಿತು. ಆದರೆ ಹೇಗೆ ಕೊಟ್ಟ ಔಷಧ? ಪ್ರತಿ ತಿಂಗಳೂ ವೈದ್ಯರು ನೋಡಿ, ಶಿಕ್ಷಕರ ಮಾತು ಕೇಳಿ, ಡೋಸ್ ಹೊಂದಿಸಿ ಕೊಟ್ಟದ್ದು. ಮಧ್ಯಾಹ್ನ ಊಟ ಸೇರದಿರುವುದು, ರಾತ್ರಿ ನಿದ್ದೆ ಬಾರದಿರುವುದು, ಎತ್ತರ ತೂಕ ಕುಂಠಿತವಾಗುವುದು, ಮಾತ್ರೆಯ ಈ ಅಡ್ಡಪರಿಣಾಮಗಳನ್ನೆಲ್ಲ ಮೊದಲು ಕಾಣುವವರು ಮನೆಯವರು. ನೋಡಿಕೊಳ್ಳುವವರನ್ನೇ ಕೇಳದೆ ಮಾತ್ರೆಗೆ ಒತ್ತಾಯಿಸುವುದು ಎಂಥ ನ್ಯಾಯ?

ಅಮೆರಿಕದಲ್ಲಿ ಈ ಒತ್ತಾಯ ಕಾನೂನು ಮಾಡಬೇಕಾದ ಮಟ್ಟಕ್ಕೆ ಹೋಯಿತು. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣ ಕಾಯ್ದೆಗೆ 2004ರಲ್ಲಿ ಒಂದು ನಿಯಮ ಸೇರಿಸಿದರು. ಶಾಲೆಗೆ ಬರಲು, ಮೌಲ್ಯಮಾಪನಕ್ಕೆ, ವಿಶೇಷ ಸೇವೆಗೆ, ಯಾವುದಕ್ಕೂ ನಿಯಂತ್ರಿತ ಔಷಧದ, ಅಂದರೆ ದುರುಪಯೋಗದ ಭಯದಿಂದ ಸರ್ಕಾರ ಬಿಗಿ ಹತೋಟಿಯಲ್ಲಿಟ್ಟ ಔಷಧದ, ಚೀಟಿಯನ್ನು ಷರತ್ತಾಗಿ ಹಾಕುವಂತಿಲ್ಲ. ತರಗತಿಯಲ್ಲಿ ಕಂಡದ್ದನ್ನು ಶಿಕ್ಷಕರು ಪೋಷಕರಿಗೆ ಹೇಳಲು ಅಡ್ಡಿಯಿಲ್ಲ ಎಂದೂ ಅದರಲ್ಲೇ ಬರೆದಿದ್ದಾರೆ. ನಾನು ಹೇಳುತ್ತಿರುವುದೂ ಅಷ್ಟೇ: ಕಂಡದ್ದನ್ನು ಹೇಳಿ. "ಹತ್ತು ನಿಮಿಷ ಕೂರುವುದಿಲ್ಲ, ಪೆನ್ಸಿಲ್ ದಿನಾ ಕಳೆದುಕೊಳ್ಳುತ್ತಾನೆ" ಎನ್ನಿ. "ಇವನಿಗೆ ರಿಟಾಲಿನ್ ಬೇಕು" ಎಂದು ಎಡಿಎಚ್‌ಡಿ ಮಾತ್ರೆಯ ಹೆಸರು ಹೇಳಬೇಡಿ.

ಆ ನಿಯಮದಲ್ಲಿ ಒಂದು ದೊಡ್ಡ ಕೊರತೆಯಿದೆ. ಅದು ನಿಯಂತ್ರಿತ ಪಟ್ಟಿಯಲ್ಲಿರುವ ಔಷಧಗಳಿಗೆ ಮಾತ್ರ ಅನ್ವಯಿಸುತ್ತದೆ. ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್ ಆ ಪಟ್ಟಿಯಲ್ಲಿಲ್ಲ. ಅದೇ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಖಿನ್ನತೆಯ ಔಷಧಗಳ ಮೇಲೆ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಪ್ರಯೋಗಗಳಲ್ಲಿ ಆತ್ಮಹತ್ಯೆಯ ಆಲೋಚನೆ ಅಥವಾ ನಡವಳಿಕೆ, ಔಷಧ ಪಡೆದ ಮಕ್ಕಳಲ್ಲಿ ಸುಮಾರು ಶೇ. 4, ಬರೀ ಸಕ್ಕರೆ ಮಾತ್ರೆ ಪಡೆದವರಲ್ಲಿ ಶೇ. 2 ಇತ್ತು. ಆತ್ಮಹತ್ಯೆ ಒಂದೂ ಆಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಚಿಕಿತ್ಸೆ ಸಿಗದ ಖಿನ್ನತೆಯೂ ಪ್ರಾಣಕ್ಕೆ ಎರವಾಗುತ್ತದೆ. ಈ ಎರಡನ್ನೂ ತೂಗಿ ನೋಡುವ ಹಕ್ಕು ಪೋಷಕರದು, ಎರಡನ್ನೂ ಬಿಡಿಸಿ ಹೇಳುವ ಹೊಣೆ ವೈದ್ಯರದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸುತ್ತೇನೆ. ಪೋಷಕರೇ, ಹಕ್ಕು ಎಂದರೆ ಕಣ್ಣುಮುಚ್ಚಿ ಬೇಡ ಎನ್ನುವುದಲ್ಲ. ನೆಂಟರ ಮಾತು ಕೇಳಿ ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ. ಮಗುವನ್ನೂ ಕೇಳಿ, ನುಂಗುವುದು ಅದೇ ತಾನೇ. ತಂದೆ ಒಪ್ಪಿ ತಾಯಿ ಒಪ್ಪದಿದ್ದಾಗ ಏನು ಮಾಡಬೇಕೆಂಬ ಮಾತು ಉಳಿಯಿತು, ಅದನ್ನು ಪ್ರಶ್ನೋತ್ತರದಲ್ಲಿ ಎತ್ತಿಕೊಳ್ಳೋಣ.