ಮನೆಯ ಹಾರ್ನ್ ಸ್ಪೀಕರಿಗೆ ಡ್ರೈವರ್ ಆರಿಸುವುದು

ಎಲ್ಲರಿಗೂ ನಮಸ್ಕಾರ.

ಹಾರ್ನ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಜಾತ್ರೆಯ ಮೈಕ್ ಸೆಟ್. ಮರಕ್ಕೆ ಕಟ್ಟಿದ ಆ ದೊಡ್ಡ ಬಾಯಿ, ಅದರ ಹಿಂದೆ ತಿರುಪಿ ಕೂರಿಸಿದ ಗುಂಡನೆಯ ಯೂನಿಟ್. ಶಬ್ದ ಹುಟ್ಟಿಸುವ ಆ ಯೂನಿಟ್ಟೇ ಡ್ರೈವರ್. ಮನೆಗೆ ಹಾರ್ನ್ ಸ್ಪೀಕರ್ ಕಟ್ಟುತ್ತೇನೆ ಅಂದರೆ ಮನೆಯವರು ಗಾಬರಿಯಾಗುವುದು ಅದಕ್ಕೇ. ಅದು ಕಿರುಚುತ್ತದೆ ಅಂತ. ಆದರೆ ಚೆನ್ನಾಗಿ ಹೊಂದಿಸಿದ ಹಾರ್ನ್ ಸ್ಪೀಕರಿನಷ್ಟು ಮೆತ್ತಗೆ, ಸಲೀಸಾಗಿ ಹಾಡುವ ಪೆಟ್ಟಿಗೆಯನ್ನು ನಾನು ಕೇಳಿಲ್ಲ. ಕಿರುಚುವುದು ಹಾರ್ನ್‌ನ ಹುಟ್ಟುಗುಣ ಅಲ್ಲ. ಎಷ್ಟೋ ಸಲ ಡ್ರೈವರಿಗೆ ಅದರ ಕೈಲಾಗದ ಕೆಲಸ ಕೊಟ್ಟಿರುತ್ತೇವೆ, ಅಷ್ಟೇ.

ಇಲ್ಲಿ ಮೇಜಿನ ಮೇಲೆ ಒಂದು ಡ್ರೈವರ್ ಬಿಚ್ಚಿಟ್ಟಿದ್ದೇನೆ. ಹಿಂದಿನ ಮುಚ್ಚಳ ತೆಗೆದರೆ ಸಿಗುವುದು ಕಂಪಿಸಿ ಗಾಳಿ ತಳ್ಳುವ ಈ ಡಯಾಫ್ರಮ್. ಪುಟ್ಟ ಬಟ್ಟಲು ಕವುಚಿಟ್ಟ ಹಾಗಿದೆ, ಅಲ್ವಾ? ಇದರ ಕಾಯಿಲ್, ಅಂದರೆ ತಂತಿಯ ಸುರುಳಿ, 44 ಮಿಲಿಮೀಟರ್ ಅಗಲ. ಬೆರಳು ತಾಗಿಸಬೇಡಿ, ಕೂಡಲೇ ನೆಗ್ಗುತ್ತದೆ. ಇದರ ಎದುರಿಗೆ ಅರ್ಧ ಮಿಲಿಮೀಟರಿನಷ್ಟು ಸಂದು ಬಿಟ್ಟು ಒಂದು ಲೋಹದ ಗುಬುಟು ಇದೆ. ಅದರಲ್ಲಿ ಬಳೆಗಳ ಹಾಗೆ ಒಂದರೊಳಗೊಂದು ಸೀಳುಗಳು. ಇದು ಫೇಸ್ ಪ್ಲಗ್. ಸೀಳುಗಳ ಒಟ್ಟು ವಿಸ್ತಾರ ಡಯಾಫ್ರಮ್‌ನ ಸುಮಾರು ಹತ್ತನೇ ಒಂದು ಪಾಲು. ಅಗಲದ ಮೇಲ್ಮೈ ತಳ್ಳಿದ ಗಾಳಿ ಇಷ್ಟು ಇಕ್ಕಟ್ಟಿನಲ್ಲಿ ನುಗ್ಗಿ ಹೋಗಬೇಕು. ಇಂಥದ್ದಕ್ಕೆ ಕಂಪ್ರೆಷನ್ ಡ್ರೈವರ್ ಅನ್ನುವ ಹೆಸರು ಬಂದಿದ್ದು ಹೀಗೆ.

1926ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವೆಂಟೆ ಮತ್ತು ಥುರಾಸ್ ಮಾಡಿದ ವೆಸ್ಟರ್ನ್ ಎಲೆಕ್ಟ್ರಿಕ್ 555 ಡ್ರೈವರಿನಲ್ಲೂ ಇದೇ ಉಪಾಯ. ಮಾತಾಡುವ ಸಿನಿಮಾ ಆಗಷ್ಟೇ ಬರುತ್ತಿತ್ತು. ಆಂಪ್ಲಿಫೈಯರುಗಳಿಗೆ ಕೆಲವೇ ವಾಟ್ ತಾಕತ್ತು. ಅಷ್ಟರಲ್ಲೇ ದೊಡ್ಡ ಥಿಯೇಟರ್ ತುಂಬಬೇಕಿತ್ತು. ಅಂದರೆ ಈ ಯಂತ್ರ ಹುಟ್ಟಿದ್ದೇ ದೊಡ್ಡ ಸಭಾಂಗಣಕ್ಕೆ. ನಾವು ಅದನ್ನು ಹನ್ನೆರಡು ಅಡಿಯ ಕೋಣೆಗೆ ತರುತ್ತಿದ್ದೇವೆ. ಈ ಒಂದು ವಿಷಯ ಮರೆತರೆ ಆಯ್ಕೆ ದಾರಿ ತಪ್ಪುತ್ತದೆ.

ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ವಾಟ್ ಅಂತ. ಲೆಕ್ಕ ಹಾಕಿ ನೋಡಿ. ಇಂಥ ಡ್ರೈವರ್ ಹಾರ್ನ್ ಮೇಲೆ ಕೂತಾಗ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 108 ಡೆಸಿಬಲ್ ಕೊಡುತ್ತದೆ. ನಾವು ಕೂರುವುದು ಮೂರು ಮೀಟರ್ ದೂರ. ಅಲ್ಲಿ 80 ಡೆಸಿಬಲ್ ಬಂದರೆ ಮನೆಗೆ ಜೋರೇ. ಅದಕ್ಕೆ ಬೇಕಾಗುವುದು ಸುಮಾರು 14 ಮಿಲಿವಾಟ್. ಒಂದು ವಾಟಿನ ಎಪ್ಪತ್ತನೇ ಒಂದು ಪಾಲು! ಮೃದಂಗದ ಒಂದು ಹೊಡೆತಕ್ಕೆ ಇದರ ನೂರು ಪಟ್ಟು ಬೇಕಾದರೂ ಒಂದೂವರೆ ವಾಟ್ ಸಾಕು. ಹಾಗಾಗಿ ಪೆಟ್ಟಿಗೆಯ ಮೇಲೆ 50 ಅಂತಿರಲಿ, 150 ಅಂತಿರಲಿ, ನಮಗೆ ಅದರಿಂದ ಏನೂ ಸಿಗುವುದಿಲ್ಲ.

ಹಾಗಾದರೆ ಏನು ನೋಡಬೇಕು? ನಾನು ಡ್ರೈವರನ್ನು ಕೊನೆಗೆ ಆರಿಸುತ್ತೇನೆ. ಮೊದಲು ಕೆಳಗಿನ ಸ್ವರ ನುಡಿಸುವ ವೂಫರ್, ಆಮೇಲೆ ಹಾರ್ನ್, ಅವೆರಡೂ ಏನು ಕೇಳುತ್ತವೋ ಅದಕ್ಕೆ ತಕ್ಕ ಡ್ರೈವರ್.

ಯಾಕೆ ಅಂತ ಹೇಳುತ್ತೇನೆ. ವೂಫರ್ ಕೆಳಗಿನ ಸ್ವರಗಳನ್ನು ಎಲ್ಲ ಕಡೆಗೂ ಹರಡುತ್ತದೆ. ಸ್ವರ ಮೇಲೆ ಹೋದ ಹಾಗೆ ಹರಡುವ ಕೋನ ಕಿರಿದಾಗುತ್ತಾ ಬರುತ್ತದೆ. 15 ಇಂಚಿನ ವೂಫರಿನಲ್ಲಿ ಅದು 90 ಡಿಗ್ರಿಗೆ ಇಳಿಯುವುದು ಸುಮಾರು 1000 ಹರ್ಟ್ಸ್‌ನಲ್ಲಿ. 12 ಇಂಚಿನದ್ದಾದರೆ 1300ರ ಆಸುಪಾಸು. 90 ಡಿಗ್ರಿಯ ಹಾರ್ನ್ ಅಲ್ಲೇ ಕೈಗೆತ್ತಿಕೊಂಡರೆ ಒಂದರಿಂದ ಇನ್ನೊಂದಕ್ಕೆ ದಾಟಿದ್ದೇ ಗೊತ್ತಾಗುವುದಿಲ್ಲ. ಸೋಫಾದ ಮೂಲೆಯಲ್ಲಿ ಕೂತವರಿಗೂ ಅದೇ ದನಿ, ಗೋಡೆಗೆ ಬಡಿದು ಬರುವ ಶಬ್ದಕ್ಕೂ ಅದೇ ಬಣ್ಣ. 1981ರ ಜೆಬಿಎಲ್ 4430 ಮಾನಿಟರ್ ಸ್ಪೀಕರ್ ನೆನಪಿಸಿಕೊಳ್ಳಿ. 15 ಇಂಚಿನ ವೂಫರ್, 1000 ಹರ್ಟ್ಸ್‌ನಲ್ಲಿ ಕ್ರಾಸ್‌ಓವರ್. ಕ್ರಾಸ್‌ಓವರ್ ಅಂದರೆ ವೂಫರ್ ತನ್ನ ಕೆಲಸವನ್ನು ಹಾರ್ನ್‌ಗೆ ದಾಟಿಸುವ ಸ್ವರ. ಸುಮ್ನೆ ಆರಿಸಿದ ಅಂಕಿ ಅಲ್ಲ ಅದು.

ಹಾರ್ನ್ ಎಷ್ಟು ಅಗಲ ಇರಬೇಕು ಅನ್ನುವುದಕ್ಕೆ ಸ್ಪೀಕರ್ ಎಂಜಿನಿಯರ್ ಡಾನ್ ಕೀಲೆ ಕೊಟ್ಟ ಸರಳ ಲೆಕ್ಕ ಇದೆ. 25,000ವನ್ನು ಕೋನದಿಂದಲೂ ಹರ್ಟ್ಸ್‌ನಿಂದಲೂ ಭಾಗಿಸಿ, ಮೀಟರಿನಲ್ಲಿ ಅಗಲ ಸಿಗುತ್ತದೆ. 90 ಡಿಗ್ರಿಯನ್ನು 1000 ಹರ್ಟ್ಸ್‌ವರೆಗೆ ಹಿಡಿದಿಡಲು 28 ಸೆಂಟಿಮೀಟರ್. ಅಂಗೈ ಅಗಲದ ಹಾರ್ನ್ ತಂದು ಅದನ್ನು 1000ಕ್ಕೆ ಎಳೆದರೆ ಡಯಾಫ್ರಮ್‌ಗೆ ಗಾಳಿಯ ಆಸರೆ ಸಿಗುವುದಿಲ್ಲ. ಜಾತ್ರೆಯ ಕಿರುಚಾಟ ಮನೆಗೆ ಬರುವುದು ಹೆಚ್ಚಾಗಿ ಇಲ್ಲಿಂದಲೇ.

ಈಗ ಡ್ರೈವರ್. ಕ್ರಾಸ್‌ಓವರನ್ನು 1600ರಿಂದ 800ಕ್ಕೆ ಇಳಿಸಿದರೆ ಅಷ್ಟೇ ಶಬ್ದಕ್ಕೆ ಡಯಾಫ್ರಮ್ ಎರಡು ಪಟ್ಟು ಆಡಬೇಕು. ಹಾಗಂತ ದೊಡ್ಡ ಡ್ರೈವರೇ ಒಳ್ಳೆಯದು ಅಂತ ಹೊರಡಬೇಡಿ. ನಾನು ಹೊರಟಿದ್ದೆ. ಎರಡು ಇಂಚು ಗಂಟಲಿನ (ಶಬ್ದ ಹಾರ್ನ್‌ಗೆ ಹೊರಡುವ ತೂತು), ನಾಲ್ಕು ಇಂಚು ಟೈಟಾನಿಯಂ ಡಯಾಫ್ರಮ್‌ನ ಹಳೆಯ ಜೋಡಿಯೊಂದು ಸಿಕ್ಕಿತ್ತು. ಎರಡೂ ಕೈಯಲ್ಲಿ ಎತ್ತಬೇಕು, ಅಷ್ಟು ಭಾರ. ಗಾಯಕರ ಕಂಠ ತುಂಬಾ ಚೆನ್ನಾಗಿ ಬಂತು, ಎದುರಿಗೇ ಕೂತು ಹಾಡಿದ ಹಾಗೆ. ಆದರೆ ಕುರ್ಚಿಯಿಂದ ಎರಡಡಿ ಪಕ್ಕಕ್ಕೆ ಸರಿದರೆ ತಂಬೂರಿಯ ಝೇಂಕಾರವೇ ಮಾಯ. ಎಷ್ಟೋ ಸಂಜೆ ಕ್ರಾಸ್‌ಓವರ್ ಸರ್ಕ್ಯೂಟ್ ತಿದ್ದುತ್ತಾ ಕೂತೆ. ಫಲ ಸಿಗಲಿಲ್ಲ.

ಕಾರಣ ಗಂಟಲಿನಲ್ಲಿತ್ತು. ಗಾಳಿಯಲ್ಲಿ ಎರಡು ಇಂಚಿನ ಅಲೆ ಅಂದರೆ 6,800 ಹರ್ಟ್ಸ್. ಅದರಿಂದ ಮೇಲಕ್ಕೆ ಹಾರ್ನ್‌ನ ಗೋಡೆಗಳ ಮಾತು ನಡೆಯುವುದಿಲ್ಲ, ಶಬ್ದ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಒಂದು ಇಂಚಿನ ಗಂಟಲಾದರೆ ಈ ಮಿತಿ 13,500ರ ತನಕ ಏರುತ್ತದೆ. ದೊಡ್ಡ ಟೈಟಾನಿಯಂ ಡಯಾಫ್ರಮ್ ಮೇಲಿನ ಸ್ವರಗಳಲ್ಲಿ ಒಂದೇ ತುಂಡಾಗಿ ಚಲಿಸುವುದೂ ಇಲ್ಲ, ತಟ್ಟೆಯ ಹಾಗೆ ಅಲ್ಲಲ್ಲಿ ನಡುಗುತ್ತದೆ. ಬೆರಿಲಿಯಂ ಇದನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ, ಆದರೆ ಬೆಲೆ ಜಾಸ್ತಿ, ಒಡೆದರೆ ಅದರ ಧೂಳು ವಿಷ.

ಅದಕ್ಕೇ ಎರಡು ದಾರಿಯ, ಅಂದರೆ ವೂಫರ್ ಒಂದು ಹಾರ್ನ್ ಒಂದು ಇರುವ ಸ್ಪೀಕರಿಗೆ, ಅದೂ ಮನೆಗೆ, ಒಂದು ಇಂಚು ಗಂಟಲಿನ, 44 ಮಿಲಿಮೀಟರ್ ಕಾಯಿಲ್‌ನ ಡ್ರೈವರ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಟಲಿಯ ಬಿ ಅಂಡ್ ಸಿ ಕಂಪನಿಯ ಡಿಇ250 ಡ್ರೈವರ್ ಈ ಅಳತೆಯದ್ದೇ. ಕಂಪನಿಯವರು ಕ್ರಾಸ್‌ಓವರಿಗೆ ಹೇಳುವ ಅಂಕಿ ಪೂರ್ತಿ ತಾಕತ್ತಿನಲ್ಲಿ ದುಡಿಸುವ ಸಭಾಂಗಣಕ್ಕೆ. ನಾವು ಕೊಡುವ ಮಿಲಿವಾಟುಗಳಲ್ಲಿ, ಕಡಿದಾದ ಫಿಲ್ಟರ್ ಹಾಕಿ, ಸ್ವಲ್ಪ ಕೆಳಗೆ ಇಳಿಯಬಹುದು. 800ಕ್ಕೇ ಹೋಗಬೇಕು ಅನ್ನುವವರು 1.4 ಇಂಚು ಗಂಟಲಿನದ್ದನ್ನು ನೋಡಿ.

ಇನ್ನೊಂದು ಮಾತು. ಹೊಸ ಡ್ರೈವರ್ ಜೋಡಿಸಿದವರು ಮೇಲಿನ ಸ್ವರ ಮಂಕು ಅಂತ ದೂರುತ್ತಾರೆ. ಡಯಾಫ್ರಮ್‌ನ ತೂಕದಿಂದಾಗಿ 3–4 ಸಾವಿರ ಹರ್ಟ್ಸ್ ದಾಟಿದ ಮೇಲೆ ಯಾವ ಡ್ರೈವರೂ ಇಳಿಯುತ್ತಾ ಹೋಗುತ್ತದೆ. ಹಳೆಯ ಹಾರ್ನ್‌ಗಳು ಶಬ್ದವನ್ನು ನಡುವಿಗೇ ಒಟ್ಟುಮಾಡಿ ಇದನ್ನು ಮುಚ್ಚಿಡುತ್ತಿದ್ದವು. ಒಂದೇ ಕೋನದಲ್ಲಿ ಹರಡುವ ಹಾರ್ನ್‌ನಲ್ಲಿ ಇಳಿತ ಹಾಗೇ ಕೇಳಿಸುತ್ತದೆ. ಕ್ರಾಸ್‌ಓವರಿನಲ್ಲಿ ಅಷ್ಟನ್ನು ಎತ್ತಿಕೊಡಬೇಕು. ಡ್ರೈವರ್ ಬದಲಿಸಿ ಉಪಯೋಗ ಇಲ್ಲ.

ಒಂದು ವಾಟಿಗೆ ವೂಫರ್ ಕೊಡುವುದು 96 ಡೆಸಿಬಲ್ ಅಂದುಕೊಳ್ಳಿ, ಡ್ರೈವರ್ 108. ನಡುವಿನ ಹನ್ನೆರಡನ್ನು ಎರಡು ರೆಸಿಸ್ಟರ್ ಹಾಕಿ ತಗ್ಗಿಸಿ. ರಾತ್ರಿ ಮನೆ ಸದ್ದಡಗಿದಾಗ ಕೇಳುವ ಆಂಪ್ಲಿಫೈಯರಿನ ಸುಯ್ ಸದ್ದೂ ಅದರ ಜತೆ ತಗ್ಗುತ್ತದೆ. ಡ್ರೈವರಿಗೇ ಬೇರೆ ಆಂಪ್ಲಿಫೈಯರ್ ಕೊಡುವವರು 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಸಾಲಿನಲ್ಲಿ ಹಾಕಲೇಬೇಕು. ಸ್ವಿಚ್ ಒತ್ತಿದಾಗ ಬರುವ ಒಂದು 'ಧಡ್' ಸಾಕು, ಈ ಡಯಾಫ್ರಮ್ ಕಥೆ ಮುಗಿಯಲು.

ಕೊಳ್ಳುವ ಮುಂಚೆ ಹಾರ್ನ್‌ನ ಹಿಂಬದಿ ನೋಡಿ. ಕೆಲವಕ್ಕೆ ತಿರುಪು, ಕೆಲವಕ್ಕೆ ಬೋಲ್ಟ್.

ಈಗ ಒಂದೇ ಹಾರ್ನ್‌ಗೆ ಎರಡು ಡ್ರೈವರುಗಳನ್ನು ಒಂದಾದ ಮೇಲೊಂದು ಜೋಡಿಸಿ ಕೇಳಿಸುತ್ತೇನೆ. ಮೊದಲು ಬರೀ ತಂಬೂರಿ. ದಯವಿಟ್ಟು ಫ್ಯಾನ್ ಆರಿಸಿ. ತಂಬೂರಿ ನುಡಿಯುತ್ತಿರುವಾಗಲೇ ಒಬ್ಬೊಬ್ಬರಾಗಿ ಎದ್ದು ಈ ಗೋಡೆಯಿಂದ ಆ ಗೋಡೆಯವರೆಗೆ ನಿಧಾನಕ್ಕೆ ನಡೆಯಿರಿ.