ಬಾಗಿಲಿಗೆ ನಾಲ್ಕು ಪಾಲು ಆಗೋದಿಲ್ಲ

(ಹಳೆಯ ಸಾಮಾನು ಮತ್ತು ಹೊಸ ಮನೆ ಕುರಿತು ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು. ಇಂಥ ಸೆಕೆಯಲ್ಲಿ, ಖಾರ ಮಂಡಕ್ಕಿ ಮಿರ್ಚಿ ತಿನ್ನೋ ಹೊತ್ತಲ್ಲಿ, ಮನೆ ಅಲಂಕಾರದ ಮಾತು ಕೇಳೋಕೆ ಬಂದಿದ್ದೀರಿ. ಹಿಂದಿನ ಸಾಲಲ್ಲಿ ಕಾಲೇಜು ಹುಡುಗರೂ ಕಾಣ್ತಿದ್ದಾರೆ. ಸ್ಲೈಡ್ ತಂದಿಲ್ಲ, ಕ್ಷಮಿಸಬೇಕು. ನಮ್ಮ ಮನೆಯ ಒಂದು ಬಾಗಿಲಿನ ಕತೆಯಿಂದ ಶುರು ಮಾಡ್ತೀನಿ.

ನಮ್ಮದು ಹೊಳಲ್ಕೆರೆ ಕಡೆಯ ಹಳ್ಳಿ. ಅಲ್ಲೊಂದು ಮಾಳಿಗೆ ಮನೆ, ಅಂದರೆ ಮಣ್ಣಿನ ಚಪ್ಪಟೆ ಸೂರಿನ ಮನೆ, ಇತ್ತು. ಮೊಳಕ್ಕಿಂತ ದಪ್ಪ ಮಣ್ಣಿನ ಗೋಡೆ, ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಎಲ್ಲದರ ಮೇಲೆ ಕರಲು ಮಣ್ಣು. ನಡುಮನೆಗೆ ಬೆಳಕು ಬರ್ತಿದ್ದದ್ದು ಮೇಲಿನ ಗವಾಕ್ಷಿಯಿಂದ ಮಾತ್ರ. ಅಪ್ಪ ಮತ್ತು ಅವರ ಮೂವರು ಅಣ್ಣತಮ್ಮಂದಿರು ಪಾಲಾದಾಗ ಮನೆ ಬಿಚ್ಚಿದರು. ತೊಲೆ ಎಣಿಸಿ ಹಂಚಿದರು, ತಾಮ್ರದ ಹಂಡೆಗಳನ್ನ ತೂಗಿ ಪಾಲು ಹಾಕಿದರು. ತಲೆಬಾಗಿಲಿನ ಹತ್ತಿರ ಬಂದಾಗ ಎಲ್ಲರೂ ಸುಮ್ಮನಾದರು. ಬಾಗಿಲಿಗೆ ನಾಲ್ಕು ಪಾಲು ಆಗೋದಿಲ್ಲವಲ್ಲ. ಕೊನೆಗೆ, ‘ನಿಂಗೆ ಬೇಕಾದ್ರೆ ಹೊತ್ಕೊಂಡು ಹೋಗು’ ಅಂತ ನಮ್ಮಪ್ಪನಿಗೆ ಬಿಟ್ಟರು. ಅದು ಎಂಟು ವರ್ಷ ತಗಡಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು.

ದಾವಣಗೆರೆಯಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುವಾಗ ನನಗೆ ಆ ಬಾಗಿಲು ನೆನಪಾಯ್ತು. ಫೋನಿನಲ್ಲಿ ಯಾವುದೋ ದೇಶದ ಮನೆಯ ಚಿತ್ರ ನೋಡಿದ್ದೆ. ಹಳೇ ಬಾಗಿಲು ಮಲಗಿಸಿ, ಮೇಲೆ ಗಾಜು ಹಾಕಿ, ಊಟದ ಮೇಜು ಮಾಡಿದ್ದರು. ಬಡಗಿಗೂ ಹೇಳಿಯಾಗಿತ್ತು. ಅಮ್ಮನ ಕಿವಿಗೆ ಬಿತ್ತು ನೋಡಿ: ‘ಅರಿಶಿನ ಕುಂಕುಮ ಇಟ್ಟ ಬಾಗಿಲು ಮಲಗಿಸಿ ಅದರ ಮೇಲೆ ಸಾರು ಚೆಲ್ತೀಯೇನೇ?’

ಮೂರು ದಿನ ನಾನು ವಾದ ಮಾಡಿದೆ. ನಾಲ್ಕನೇ ದಿನ ನನಗೇ ಅನ್ನಿಸಿತು, ಅಮ್ಮ ಹೇಳಿದ್ದರಲ್ಲಿ ನಂಬಿಕೆಯ ಜೊತೆ ಒಂದು ವಿನ್ಯಾಸದ ಬುದ್ಧಿಯೂ ಇದೆ. ನಿಂತು ಬದುಕಿದ ವಸ್ತು ಅದು. ಅದರ ಚಿಲಕ, ಅಗುಳಿ, ಕೈ ಸವೆದ ಜಾಗ ಎಲ್ಲಾ ನಿಂತವರ ಎತ್ತರಕ್ಕೆ ಆಗಿರೋದು. ಮಲಗಿಸಿದರೆ ಅದೊಂದು ಕೆತ್ತನೆಯ ಹಲಗೆ, ಅಷ್ಟೇ. ಬಾಗಿಲನ್ನು ಬಾಗಿಲಾಗಿಯೇ, ಅಮ್ಮ ಮಲಗೋ ಕೋಣೆಗೆ ನಿಲ್ಲಿಸಿದೆವು. ಅವತ್ತಿನಿಂದ ಇವತ್ತಿನವರೆಗೂ ಹಳೆಯ ಸಾಮಾನು ಮನೆಗೆ ತರೋ ಮೊದಲು ನಾನು ಕೇಳಿಕೊಳ್ಳೋದು ಇದೊಂದನ್ನೇ: ಇದಕ್ಕೆ ನಮ್ಮ ಮನೆಯಲ್ಲಿ ಏನು ಕೆಲಸ?

ನಮ್ಮ ಚಿತ್ರದುರ್ಗದ ಹೆಸರಿನ ಜೊತೆ ಒನಕೆ ಅಂಟಿಕೊಂಡಿದೆ. ಈಗ ಎಷ್ಟೋ ಹಾಲುಗಳಲ್ಲಿ ಒನಕೆಗೆ ವಾರ್ನಿಷ್ ಬಳಿದು, ಎರಡು ಕ್ಲಾಂಪ್ ಹಾಕಿ ಗೋಡೆಗೆ ಏರಿಸಿರ್ತಾರೆ, ಕೆಳಗೊಂದು ಫೋಕಸ್ ಲೈಟು. ಓಬವ್ವ ಹಾಗೆ ಮಾಡಿದ್ದಿದ್ದರೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಗ್ಗಿ ಆರಾಮಾಗಿ ಒಳಗೆ ಬಂದುಬಿಡ್ತಿದ್ದರು! ಕೈಗೆ ಸಿಗೋ ಹಾಗೆ ಮೂಲೆಯಲ್ಲಿ ಇದ್ದದ್ದಕ್ಕೇ ಅದು ಒನಕೆ. ನಮ್ಮನೆಯಲ್ಲಿ ಈಗ ಯಾರೂ ಕುಟ್ಟೋದಿಲ್ಲ ನಿಜ. ಅದಕ್ಕೇ ಅದನ್ನು ಎರಡು ಹಗ್ಗದಲ್ಲಿ ಅಡ್ಡಲಾಗಿ ಇಳಿಬಿಟ್ಟಿದ್ದೀವಿ. ಕಂಬಳಿ, ಹೊದಿಕೆ ಒಣಹಾಕೋದು ಅದರ ಮೇಲೇ.

ಇನ್ನು ಬಣ್ಣ. ಎಲ್ಲರೂ ‘ನ್ಯೂಟ್ರಲ್ ಬೇಕು ಮೇಡಂ’ ಅಂತಾರೆ, ಅಂದರೆ ಕಣ್ಣಿಗೆ ಹೊಡೆಯದ ತಿಳಿಬಣ್ಣ. ಪೇಂಟ್ ಅಂಗಡಿಯ ಕಾರ್ಡಿನಲ್ಲಿ ಅದಕ್ಕೆ ನೂರು ಹೆಸರು. ನಾನು ಅಡುಗೆಮನೆಗೆ ಹೋಗಿ ತೋರಿಸಿ ಅಂತೀನಿ. ಜೋಳದ ಹಿಟ್ಟು, ರಾಗಿ ಹಿಟ್ಟು, ಅಕ್ಕಿ ತೊಳೆದ ನೀರು, ಹುರಿದ ರವೆ, ಮಜ್ಜಿಗೆ. ಇಷ್ಟರಲ್ಲೇ ನಿಮ್ಮ ಮನೆ ಇದೆ. ನಮ್ಮೂರಿಗೆ ಅಪ್ಪಟ ಬಿಳಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಸುತ್ತ ಎರೆ ಭೂಮಿ, ಬೇಸಿಗೆ ಗಾಳಿಗೆ ಎದ್ದ ಧೂಳು ಒಂದೇ ವಾರದಲ್ಲಿ ಸ್ವಿಚ್‌ಬೋರ್ಡಿನ ಸುತ್ತ ನಕ್ಷೆ ಬರೀತದೆ. ನಮ್ಮಲ್ಲಿ ‘ಮಾಸಲು’ ಅನ್ನೋದು ಬೈಗುಳದ ಮಾತು. ನೀವು ಮೊದಲೇ ಮಾಸಲು ಬಣ್ಣ ಬಳಿದುಬಿಟ್ಟರೆ ಧೂಳಿಗೆ ಮಾಡೋಕೆ ಏನೂ ಉಳಿಯಲ್ಲ. ಚಿತ್ರದುರ್ಗದ ಬೆಟ್ಟ ನೋಡಿ, ಬೂದು, ಕಂದು, ಸಂಜೆ ಸ್ವಲ್ಪ ಕೆಂಪು, ಇಷ್ಟೇ. ಏಳು ಸುತ್ತಿನ ಕೋಟೆಯನ್ನ ಅದೇ ಬಂಡೆಯಲ್ಲಿ ಕಟ್ಟಿದ್ದಕ್ಕೆ ಬೆಟ್ಟ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಲ್ಲ. ಕಣ್ಣಿಗೆ ತಂಪು ಅನ್ನಿಸೋದು ಅದರಿಂದಲೇ.

ಹೊಸ ಗಾರೆ ಗೋಡೆ ಇದ್ದವರು ಒಂದು ಕೋಣೆಗಾದರೂ ಸುಣ್ಣ ಬಳಿಸಿ ನೋಡಿ. ನಮ್ಮಜ್ಜಿ ಸುಣ್ಣಕ್ಕೆ ನೀಲಿ ಹಾಕ್ತಿದ್ದರು, ಹೊಳೀಲಿ ಅಂತ. ನೀಲಿ ಹಾಕದಿದ್ದರೆ ಅದೇ ಸುಣ್ಣ ಬೆಣ್ಣೆ ಕಡೆಗೆ ವಾಲಿದ ಬಿಳುಪು ಕೊಡ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಿನ ಗುಣಕ್ಕೇ ತಿರುಗ್ತದೆ. ಹಾಗಾಗಿ ಬಳಿದ ದಿನಕ್ಕಿಂತ ಆಮೇಲೆ ಗಟ್ಟಿ. ಆದರೆ ಪುಟ್ಟಿ ಹಚ್ಚಿ ಪ್ಲಾಸ್ಟಿಕ್ ಪೇಂಟ್ ಹೊಡೆದ ಗೋಡೆಯ ಮೇಲೆ ಬಳಿಸಬೇಡಿ, ಹಿಡಿಯಲ್ಲ. ಬೆನ್ನು ಒರಗಿಸಿದವರ ಅಂಗಿಗೆಲ್ಲ ಸುಣ್ಣ ಆಗ್ತದೆ.

ತಿಳಿಬಣ್ಣದ ಮನೆಗೆ ನಮ್ಮ ಸೀಮೆಯಲ್ಲಿ ಸಿಗೋ ಅತ್ಯುತ್ತಮ ಬಟ್ಟೆ ಯಾವುದು ಅಂದರೆ ಚಳ್ಳಕೆರೆ ಕಂಬಳಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ತಡೀರಿ. ಕುರಿಯ ಮೈಮೇಲೆ ಇದ್ದ ಬಣ್ಣವೇ ಅದರ ಬಣ್ಣ. ಕಪ್ಪು, ಕಂದು, ಬೂದು, ಹಾಲುಬಿಳುಪು. ಬಣ್ಣ ಹಾಕದ್ದರಿಂದ ನೀರಿಗೆ ರಂಗು ಬಿಟ್ಟು ಮುಖ ಕೆಡಿಸಿಕೊಳ್ಳಲ್ಲ. ಹುಣಸೆಬೀಜದ ಸರಿ ಹಚ್ಚಿರೋದರಿಂದ ಮೊದಮೊದಲು ಹಲಗೆ ಹಾಗೆ ಸೆಟೆದುಕೊಂಡಿರ್ತದೆ, ವಾಸನೆಯೂ ಇರ್ತದೆ. ಒಂದೆರಡು ಸಲ ನೀರು ಕಂಡ ಮೇಲೆ ಬಗ್ಗತದೆ. ಹಳೇ ಕಂಬಳಿ ಸಿಕ್ಕರೆ ಇನ್ನೂ ಒಳ್ಳೇದು, ಬೇರೆಯವರ ಮೈ ಅದನ್ನ ಆಗಲೇ ಪಳಗಿಸಿರ್ತದೆ. ನುಸಿ ಹಿಡಿಯೋದೇ ಅದರ ಶತ್ರು. ಬಿಸಿಲಿಗೆ ಹಾಕಿ ಒದರಿ, ಮಡಿಕೆ ನಡುವೆ ಒಣ ಬೇವಿನೆಲೆ ಇಡಿ.

ಒಂದೇ ಮಾತು, ಅದನ್ನ ಕಾಲೊರಸು ಮಾಡಬೇಡಿ. ನಮ್ಮ ಕಡೆ ಕಂಬಳಿ ಗದ್ದಿಗೆ ಅಂದರೆ ದೇವರನ್ನ ಕೂರಿಸೋ ಜಾಗ. ಬಂದ ನೆಂಟರನ್ನ ಕಂಬಳಿ ಹಾಸಿ ಕೂರಿಸ್ತಾರೆ, ಚಪ್ಪಲಿ ಕಾಲಲ್ಲಿ ತುಳಿಯಲ್ಲ. ದಿವಾನದ ಮೇಲೆ ಹಾಸಿ, ಗೋಡೆಗೆ ಇಳಿಬಿಡಿ. ಬರೀ ಗೋಡೆ, ಟೈಲ್ಸು, ಗಾಜು ಇರೋ ಹೊಸ ಮನೆಗಳಲ್ಲಿ ಮಾತಾಡಿದರೆ ದನಿ ಮೊಳಗತದಲ್ಲ, ಒಂದು ದಪ್ಪ ಕಂಬಳಿ ಆ ಸದ್ದನ್ನ ನುಂಗತದೆ. ಶಾಂತ ಮನೆ ಅಂದರೆ ಕಣ್ಣಿಗೆ ಮಾತ್ರ ಅಲ್ಲ ಮತ್ತೆ. ಮೂರು ಮಕ್ಕಳಿರೋ ಮನೆಯವರಿಗೆ ಇದು ಬೇಗ ಅರ್ಥ ಆಗ್ತದೆ.

ದಾವಣಗೆರೆಯವರ ಪಾಲಿನ ಆಸ್ತಿ ಇನ್ನೊಂದಿದೆ. ಹತ್ತಿ ಗಿರಣಿಗಳಿಂದಾಗಿ ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಸೈರನ್ ನಿಂತಿತು. ಆದರೆ ಗುಜರಿಯಲ್ಲಿ ಈಗಲೂ ಒಮ್ಮೊಮ್ಮೆ ಮರದ ಬಾಬಿನ್ನು ಸಿಗ್ತವೆ. ನೂಲು ತಿರುಗಿ ತಿರುಗಿ ನುಣುಪಾದ ಮರ, ತುದಿಗೆ ಲೋಹದ ಬಳೆ. ನಾನು ಐದನ್ನು ಒಂದು ಹಲಗೆಗೆ ಬಡಿಸಿ ಬ್ಯಾಗು, ಹೆಲ್ಮೆಟ್ಟು ನೇತುಹಾಕೋಕೆ ಬಾಗಿಲ ಪಕ್ಕ ಇಟ್ಟಿದ್ದೀನಿ. ಗಿರಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಮನೆಗೆ ಬಂದವರು ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, ಯಾವ ಮೆಷಿನ್ನಿನದು ಅಂತ ಹೇಳಿದರು. ಕಾಫಿ ಆರಿಹೋಯ್ತು, ಅವರು ಹೇಳ್ತಾನೇ ಇದ್ದರು.

ಹಂಡೆ, ಕೊಳಗ, ಸೇರು, ಪಾವು, ಇವು ಅಟ್ಟದಲ್ಲಿ ಎಲ್ಲರ ಮನೇಲೂ ಇವೆ. 1956ರ ಕಾಯ್ದೆ ಮೆಟ್ರಿಕ್ ಅಳತೆ ತಂದರೂ ನಮ್ಮ ಹಳ್ಳಿಯಲ್ಲಿ ಪಾವು ಹೋಗಲಿಲ್ಲ. ನಮ್ಮಮ್ಮ ಇವತ್ತಿಗೂ ‘ನಾಲ್ಕು ಜನಕ್ಕೆ ಎರಡು ಪಾವು’ ಅಂತಲೇ ಅಕ್ಕಿ ಹಾಕೋದು. ಅದನ್ನ ಷೋಕೇಸಿನಲ್ಲಿಟ್ಟು ಅಕ್ಕಿಗೆ ಪ್ಲಾಸ್ಟಿಕ್ ಲೋಟ ಯಾಕೆ? ಹಂಡೆ ಬಚ್ಚಲಲ್ಲಿದ್ದದ್ದು, ಬಚ್ಚಲ ಪಕ್ಕದಲ್ಲೇ ಒಗೆಯೋ ಬಟ್ಟೆ ಹಾಕೋಕೆ ಇಟ್ಟಿದ್ದೀವಿ. ಹುಣಸೆಹಣ್ಣು ಉಪ್ಪು ಹಾಕಿ ವಾರ ವಾರ ಥಳಥಳ ಉಜ್ಜಬೇಕು ಅಂತೇನೂ ಇಲ್ಲ. ತಿಳಿಬಣ್ಣದ ಮನೆಯಲ್ಲಿ ಕಂದಿದ ತಾಮ್ರವೇ ಚಂದ. ಆದರೆ ಅಡುಗೆಗೆ ಬಳಸೋ ಹಿತ್ತಾಳೆ, ತಾಮ್ರಕ್ಕೆ ಕಲಾಯಿ ಬೇಕೇಬೇಕು. ಹುಳಿ ಬಿದ್ದರೆ ಲೋಹ ಬಿಡ್ತದೆ. ಕಲಾಯಿ ಅಂದರೆ ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಸವರೋದು. ತವರ 232 ಡಿಗ್ರಿಗೇ ಕರಗೋದರಿಂದ ಬರೀ ಪಾತ್ರೆ ಒಲೆ ಮೇಲೆ ಬಿಟ್ಟರೆ ಕಲಾಯಿ ಹೋಗ್ತದೆ.

ಮತ್ತೆ ಆ ಉರುಳಿ, ಅಗಲ ಬಾಯಿಯ ಲೋಹದ ಪಾತ್ರೆ. ನೀರು ತುಂಬಿ ಗುಲಾಬಿ ಎಸಳು ತೇಲಿಬಿಡೋದು ಈಗ ಪ್ರತಿ ಮನೆ ಬಾಗಿಲಲ್ಲೂ ಕಾಣ್ತದೆ. ನನಗದು ಹೋಟೆಲಿನ ಸ್ವಾಗತದ ಹಾಗೆ ಅನ್ನಿಸತದೆ, ಅದಿರಲಿ. ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ತೊಟ್ಟಿಲು. ಇಡೋದಾದರೆ ದಿನಾ ನೀರು ಚೆಲ್ಲಿ ತಿಕ್ಕಿ ಇಡಿ.

ಈಗ ಮರದ ವಿಚಾರ. ದುಡ್ಡು ಕಳಕೊಳ್ಳೋದು ಇಲ್ಲೇ, ನಾನೂ ಕಳಕೊಂಡಿದ್ದೀನಿ. ರಸ್ತೆ ಅಗಲ ಮಾಡೋವಾಗ, ಹಳೇ ಮನೆ ಕೆಡವೋವಾಗ ಬರೋ ತೊಲೆ, ಕಿಟಕಿ, ಬಾಗಿಲು ಅಡಿ ಲೆಕ್ಕದಲ್ಲಿ ಮಾರಾಟ ಆಗ್ತವೆ. ಒಂದು ಕಡೆ ‘ಅಪ್ಪಟ ಅರಮನೆ ಕಾಲದ್ದು’ ಅಂತ ಕುರ್ಚಿ ತಂದೆ. ಮನೆಗೆ ಬಂದು ಬೋರಲು ಹಾಕಿ ನೋಡಿದರೆ ನಕ್ಷತ್ರದ ತಲೆಯ ಹೊಸ ಸ್ಕ್ರೂ! ಹಳೇ ಬಡಗಿ ಕಚ್ಚು ಹೊಡೆದು ಬೆಣೆ ಇಡ್ತಿದ್ದ. ಹಿಂಬದಿಯಲ್ಲಿ ಬಾಚಿ ಕೆತ್ತಿದ ಗುರುತು ಬೆರಳಿಗೆ ಸಿಗ್ತಿತ್ತು. ಹಾಗಾಗಿ ಯಾವಾಗಲೂ ಮುಂದಿನ ಮುಖ ಬಿಟ್ಟು ಬೆನ್ನು ನೋಡಿ, ಬುಡ ನೋಡಿ.

ಗೆದ್ದಲಿಗೆ ನಾವೆಲ್ಲ ಹೆದರ್ತೀವಿ, ಆದರೆ ಹೊಸ ಮನೆ ಒಳಗೆ ಹೆಚ್ಚು ಕಾಡೋದು ಕೊರಕ ಹುಳ. ಸೂಜಿ ಚುಚ್ಚಿದಂಥ ತೂತು, ಕೆಳಗೆ ಹಿಟ್ಟಿನಂಥ ಪುಡಿ. ತೂತು ಹಳೇದಾಗಿದ್ದರೆ ಅಂಚು ಕಪ್ಪಾಗಿರ್ತದೆ, ಒಳಗೆ ಧೂಳು ಕೂತಿರ್ತದೆ. ತೂತಿನ ಒಳಗೆ ಬೆಳ್ಳಗೆ, ಹೊಸ ಪುಡಿ ಉದುರ್ತಾ ಇದ್ದರೆ ಒಳಗೆ ಇನ್ನೂ ಜೀವ ಇದೆ ಅಂತ. ಸಂಶಯ ಇದ್ದರೆ ಕೆಳಗೆ ಕಪ್ಪು ಬಟ್ಟೆ ಹಾಸಿ ಒಂದು ವಾರ ಹೊರಗಿನ ಶೆಡ್ಡಲ್ಲಿ ಬಿಡಿ, ಅದೇ ಹೇಳ್ತದೆ. ಬಣ್ಣ ತೆಗೆದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಚೆನ್ನಾಗಿ ಕುಡಿಸಿ. ಬಣ್ಣ, ವಾರ್ನಿಷ್ ಮೇಲೆ ಹಚ್ಚಿದರೆ ಒಳಗೆ ಇಳಿಯಲ್ಲ. ಇನ್ನೊಂದು, ಸಾಮಿಲ್ಲಿಗೆ ಕಳಿಸೋ ಮೊದಲು ತೊಲೆಯ ಮೇಲೆಲ್ಲಾ ಅಯಸ್ಕಾಂತ ಆಡಿಸಿ. ಒಳಗೊಂದು ಮೊಳೆ ಇದ್ದರೆ ಗರಗಸದ ಪಟ್ಟಿ ಹೋಯ್ತು, ಆಮೇಲೆ ಅವರು ಆಡೋ ಮಾತು ನೀವು ಕೇಳೋಕಾಗಲ್ಲ.

ಮಕ್ಕಳಿರೋ ಮನೆಯವರು ಇದನ್ನ ಗಮನ ಇಟ್ಟು ಕೇಳಿ. ಹಳೇ ಬಾಗಿಲು ಕಿಟಕಿಯ ಹಸಿರು, ಹಳದಿ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನದನ್ನ ನಂಬಬೇಡಿ. ಹಾಲಿನಲ್ಲಿ ಕೂತು ಒಣ ಮರಳುಕಾಗದ ಉಜ್ಜಿದರೆ ಆ ಧೂಳು ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಹೊರಗೆ ಒಯ್ದು, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಕೆರೆದ ಪದರ ಬಾಚಿ ಗಂಟು ಕಟ್ಟಿ ಎಸೆಯಿರಿ. ತೊಟ್ಟಿಲು, ಮಕ್ಕಳ ಕುರ್ಚಿ ಇಂಥವಕ್ಕಂತೂ ರಿಯಾಯಿತಿ ಬೇಡ.

ಕಾಲೇಜಿನವರಿಗೆ ಒಂದು ಎಚ್ಚರಿಕೆ. ಚಿತ್ರದುರ್ಗದ ಸುತ್ತ ಹೊಲದ ಬದುವಿನಲ್ಲಿ ವೀರಗಲ್ಲು, ಮಾಸ್ತಿಗಲ್ಲು, ಕೆತ್ತಿದ ಕಂಬದ ತುಂಡು ಕಾಣಿಸ್ತವೆ. ‘ಗಾರ್ಡನ್ನಿಗೆ ಚಂದ’ ಅಂತ ಟ್ರ್ಯಾಕ್ಟರಿಗೆ ಹಾಕಿಸಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಶಾಸನ, ಕಟ್ಟಡದಿಂದ ಕಿತ್ತು ತಂದ ವಸ್ತು ಎಲ್ಲಾ ಪುರಾವಸ್ತುವೇ. ಹಸ್ತಪ್ರತಿಗೆ 75 ವರ್ಷವೇ ಸಾಕು. ಮನೆಯಲ್ಲಿ ತಾಳೆಗರಿ ಕಟ್ಟು ಸಿಕ್ಕರೆ ಫ್ರೇಮ್ ಹಾಕಿಸೋ ಮೊದಲು ಓದಬಲ್ಲವರಿಗೆ ತೋರಿಸಿ.

ಎಷ್ಟು ಸಾಮಾನು ಇಡಬೇಕು ಅಂತ ಎಲ್ಲರೂ ಕೇಳ್ತಾರೆ. ನನ್ನ ಲೆಕ್ಕ ಬಹಳ ಕಡಿಮೆ: ಒಂದು ಕೋಣೆಗೆ ಒಂದು ದೊಡ್ಡದು. ಹಾಲಿನಲ್ಲಿ ತೂಗುಮಂಚ ಇದ್ದರೆ ಕೆತ್ತನೆ ಕಂಬ ಬೇಡ, ಎರಡೂ ಮಾತಾಡೋಕೆ ನಿಂತರೆ ನಿಮಗೆ ಕೂರೋಕೆ ಜಾಗ ಇರಲ್ಲ. ನಮ್ಮ ಮಾಳಿಗೆ ಮನೆ ಅಷ್ಟು ತಂಪಾಗಿ ಕಾಣ್ತಿದ್ದದ್ದು ಅಲ್ಲಿ ಸಾಮಾನೇ ಕಮ್ಮಿ ಇದ್ದದ್ದಕ್ಕೆ. ಗೋಡೆ ಗೂಡಿನಲ್ಲಿ ಒಂದು ದೀಪ, ಮೂಲೆಯಲ್ಲಿ ಒಂದು ಪೆಟಾರಿ, ಗವಾಕ್ಷಿಯಿಂದ ಬಿದ್ದ ಬಿಸಿಲು ದಿನವಿಡೀ ನೆಲದ ಮೇಲೆ ಜರುಗ್ತಿತ್ತು. ನಾನು ಹುಡುಗಿಯಾಗಿದ್ದಾಗ ಆ ಬಿಸಿಲ ಚೌಕದ ಜೊತೆ ಚಾಪೆ ಎಳಕೊಂಡು ಜರುಗ್ತಿದ್ದೆ.

ಆ ಬಾಗಿಲಿನ ಬಗ್ಗೆ ಒಂದು ಹೇಳೋದು ಮರೆತೆ. ಅದರ ಎತ್ತರ ಐದೂಕಾಲು ಅಡಿ. ಬಗ್ಗಿ ಬರೋದು ಹಿರಿಯರಿಗೆ ಮರ್ಯಾದೆ ಅಂತ ಅಮ್ಮ ಹೇಳಿದ್ದನ್ನ ನಾನೂ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳ್ತಿದ್ದೆ. ಮಗ ಪಿಯುಸಿಗೆ ಬಂದ ವರ್ಷ ಆರಡಿ ಆದ. ವಾರಕ್ಕೆರಡು ಸಲ ಹಣೆಗೆ ಬಡಿತ. ಈಗ ಮೇಲಿನ ಪಟ್ಟಿಗೆ ಅಮ್ಮನೇ ತನ್ನ ಹಳೇ ಸೀರೆ ಮಡಚಿ ದಪ್ಪಗೆ ಸುತ್ತಿದ್ದಾರೆ. ನೋಡೋಕೆ ಚಂದ ಇಲ್ಲ. ಬಿಚ್ಚೋಕೆ ನಾನಂತೂ ಹೋಗಿಲ್ಲ.

ಪ್ರಶ್ನೆ ಇದ್ದರೆ ಕೇಳಿ, ಕುಳಿತೇ ಉತ್ತರ ಹೇಳ್ತೀನಿ.